ಕರಿ ಲೆನ್ಸಿನ ಅಸಿಲ್ಕಾನ್

ಬಿಷ್ಕೆಕ್ಕಿನ ಕುದುರೆ ಮೈದಾನದಲ್ಲಿ ಫೋಟೋ ತೆಗೆಯುವವರು ಎರಡೇ ಜಾತಿ. ಬಿಳಿ ಲೆನ್ಸಿನವರು ಕ್ಯಾನನ್ ಮನೆಯವರು, ಕರಿ ಲೆನ್ಸಿನವರು ನಿಕಾನ್ ಮನೆಯವರು. ಕೂರುವ ಬೆಂಚು ಬೇರೆ, ಚಹಾದ ಫ್ಲಾಸ್ಕು ಬೇರೆ. ಅಸಿಲ್ಕಾನ್ ಕರಿ ಬೆಂಚಿನ ಹಿರಿಯಳು. ಐವತ್ತು ದಾಟಿತ್ತು. ಹುಡುಗಿಯಾಗಿದ್ದಾಗ ವಾಲಿಬಾಲ್ ಆಡುತ್ತಿದ್ದವಳು ಮಂಡಿ ಮುರಿದುಕೊಂಡು ಮೂಲೆ ಸೇರಿದಾಗ, ಕ್ರೀಡಾ ಪತ್ರಿಕೆಯೊಂದರಲ್ಲಿದ್ದ ಅವಳ ಮಾವ ಕೈಗೆ ಕ್ಯಾಮೆರಾ ಕೊಟ್ಟಿದ್ದ. ಆ ಪತ್ರಿಕೆಯಲ್ಲಿದ್ದುದು ನಿಕಾನ್. ಹಾಗಾಗಿ ಇವಳದ್ದೂ ನಿಕಾನ್. ಹುಟ್ಟಿದ ಮನೆಯ ದೇವರನ್ನು ಯಾರಾದರೂ ಆರಿಸಿಕೊಳ್ಳುತ್ತಾರೆಯೇ?

ಬಿಳಿ ಬೆಂಚಿನ ಹಿರಿಯ ಮೆಲಿಸ್. ಇಬ್ಬರೂ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೇ ಧೂಳು ಕುಡಿದವರು, ಒಬ್ಬರ ಕಾಲನ್ನೊಬ್ಬರು ಎಳೆಯುತ್ತಲೇ ಹಣ್ಣಾದವರು.

ಆ ವರ್ಷ ಅಸಿಲ್ಕಾನಳ ಸುದ್ದಿಸಂಸ್ಥೆ ಎಲ್ಲ ಛಾಯಾಗ್ರಾಹಕರಿಗೂ ಕ್ಯಾನನ್ನನ್ನೇ ಕೊಡಲು ತೀರ್ಮಾನಿಸಿತು. ಫೋಟೋ ವಿಭಾಗ ನೋಡಿಕೊಳ್ಳುತ್ತಿದ್ದ ಐಪೇರಿ ಅವಳಿಗಿಂತ ತೀರ ಚಿಕ್ಕವಳು; ಮರ್ಯಾದೆಗೆ 'ಎಜೆ', ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದಳು.

"ಎಲ್ಲರ ಹತ್ರಾನೂ ಒಂದೇ ಕಂಪನಿದು ಇದ್ರೆ ಲೆನ್ಸ್ ಅದಲು ಬದಲು ಮಾಡ್ಕೋಬಹುದು ಎಜೆ."

"ಲೆನ್ಸ್ ಸರಿ. ಕೈ ಯಾರ ಹತ್ರ ಬದಲಾಯಿಸ್ಕೊಳ್ಳಲಿ?"

"ಒಂದು ವಾರ ಅಷ್ಟೇ, ಅಭ್ಯಾಸ ಆಗೋಗುತ್ತೆ."

ವಾದ ಮಾಡಲು ಅಸಿಲ್ಕಾನಳಿಗೆ ತ್ರಾಣವಿರಲಿಲ್ಲ. ಹಿಂದಿನ ರಾತ್ರಿಯಷ್ಟೇ ನಾರಿನ್‌ನಿಂದ ಬಸ್ಸಿನಲ್ಲಿ ಬಂದಿದ್ದಳು, ಭುಜ ಸೆಳೆಯುತ್ತಿತ್ತು. ಹಳೆಯ ಪೆಟ್ಟಿಗೆ ಒಪ್ಪಿಸಿ ಹೊಸದನ್ನು ಹೆಗಲಿಗೇರಿಸಿಕೊಂಡು ಹೊರಟಳು. ತೂಕವೇನೋ ಕಡಿಮೆ. ಆದರೆ ನಿಕಾನ್‌ನಲ್ಲಿ ಲೆನ್ಸ್ ಸುತ್ತಲಿನ ಜೂಮ್ ಬಳೆ ಒಂದು ಕಡೆಗೆ ತಿರುಗಿದರೆ ಇದರಲ್ಲಿ ಅದರ ಉಲ್ಟಾ. ಲೆನ್ಸ್ ಕೂರಿಸುವುದೂ ಉಲ್ಟಾ. ಅದೂ ಸಾಲದೆಂಬಂತೆ ಸದ್ದೇ ಇಲ್ಲ. ಹಳೆಯದು ಖಟಖಟ ಬಡಿದುಕೊಳ್ಳುವಾಗ ಕೆಲಸ ನಡೆಯುತ್ತಿದೆ ಎಂದು ಕಿವಿಗೇ ಗೊತ್ತಾಗುತ್ತಿತ್ತು.

ಕುದುರೆ ಸವಾರರ ಕೋಕ್‌ಬೋರು ಆಟದ ಫೈನಲ್ಲಿನ ದಿನ ಬಿಳಿ ಲೆನ್ಸ್ ಹೊತ್ತು ಬಂದವಳನ್ನು ಕಂಡು ಮೆಲಿಸ್ ಟೋಪಿ ತೆಗೆದು ಬಗ್ಗಿದ.

"ಬಾ ಬಾ ಸೊಸೆ, ಬಲಗಾಲಿಟ್ಟು ಒಳಗೆ ಬಾ! ಇಷ್ಟು ವರ್ಷ ನಮ್ಮ ಮನೇನ ಬೈಕೊಂಡು ಕೊನೆಗೆ ನಮ್ಮ ಮನೇಗೇ ಬಂದ್ಯಲ್ಲ!"

"ಅತ್ತೆ ಮನೆ ಹೇಗಿದ್ರೂ ಪರವಾಗಿಲ್ಲ ಬಾಯ್ಕೆ, ನಿನ್ನಂಥ ಮಾವ ಸಿಕ್ಕಿದ್ದೇ ಕರ್ಮ," ಎಂದಳು. 'ಬಾಯ್ಕೆ' ಎಂದರೆ ಅಣ್ಣ. ಎರಡೂ ಬೆಂಚಿನವರು ನಕ್ಕರು.

ತಲಾಸ್ ತಂಡಕ್ಕೂ ಚೂಯಿ ತಂಡಕ್ಕೂ ಸಮಬಲದ ಹೋರಾಟ. ತಲೆ ಕಡಿದ ಹೋತದ ಮೈಗಾಗಿ ಸವಾರರು ಕುದುರೆ ಮೇಲಿಂದಲೇ ಜಗ್ಗಾಡುತ್ತಿದ್ದರು. ಅದನ್ನು ಎದುರಾಳಿಯ ಕಜಾನ್ ಎಂಬ ಕಟ್ಟೆಯ ಗುಂಡಿಗೆ ಎಸೆದರೆ ಒಂದು ಅಂಕ, ಹೆಚ್ಚು ಅಂಕದವರು ಗೆದ್ದಂತೆ. ಅಸಿಲ್ಕಾನ್ ಕಜಾನ್ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕೊನೆಯ ಗಳಿಗೆಯಲ್ಲಿ ತಲಾಸಿನ ಸವಾರನೊಬ್ಬ ಹೋತವನ್ನು ತೊಡೆಯಡಿ ಅವುಚಿಕೊಂಡು ನೇರ ಅವಳ ಕಡೆಗೇ ನುಗ್ಗಿದ. ಹತ್ತಿರವಾದಂತೆ ಚೌಕಟ್ಟು ಅಗಲಿಸಿ ಕುದುರೆ, ಸವಾರ, ಕಜಾನ್ ಎಲ್ಲವನ್ನೂ ಒಳಗೆ ತರಬೇಕಿತ್ತು. ಕೈ ಹಳೆಯ ದಾರಿ ಹಿಡಿಯಿತು. ಕಣ್ಣಿಗೆ ಕಂಡದ್ದು ಕುದುರೆಯ ಒದ್ದೆ ಮೂಗಿನ ಹೊಳ್ಳೆ ಮಾತ್ರ. ಸಾವರಿಸಿಕೊಂಡು ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಹೋತ ಗುಂಡಿ ಸೇರಿತ್ತು, ಜನರೆಲ್ಲ ಎದ್ದು ನಿಂತು ಕೂಗುತ್ತಿದ್ದರು.

ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಹೊಳ್ಳೆ, ಸವಾರನ ಕಾಲಿನ ರಿಕಾಪು, ಧೂಳು. ಮೆಲಿಸ್ ಬಂದು ಪಕ್ಕದಲ್ಲಿ ಕೂತ. ಎರಡೂ ಬೆಂಚಿನವರ ಮುಂದೆ ಈಗ ಏನನ್ನುತ್ತಾನೋ ಎಂದು ಅವಳು ಮೈ ಬಿಗಿಹಿಡಿದಳು.

"ನಿನ್ನ ಎಡಗೈ ತಪ್ಪು ಕಡೆ ಹೋಗಿದ್ದು ನೋಡ್ದೆ," ಎಂದ ಮೆಲ್ಲಗೆ. "ಗುಂಡಿಗೆ ಎಸೆದ ಚಿತ್ರ ನನ್ನ ಹತ್ರ ಬೇಕಾದಷ್ಟಿವೆ. ಒಂದು ತಗೋ. ನಿನ್ನ ಹೆಸರು ಹಾಕ್ಕೋ, ಯಾರಿಗೂ ಗೊತ್ತಾಗಲ್ಲ."

ಅವನ ಬಾಯಿಂದ ಒಂದು ಕುಹಕವೂ ಬರಲಿಲ್ಲ. ಚಿತ್ರ ತಪ್ಪಿದ್ದಕ್ಕಿಂತ ಅದೇ ಹೆಚ್ಚು ನೋಯಿಸಿತು. ಇಷ್ಟು ವರ್ಷ ಎಂಥ ಬಿರುಮಾತಿಗೂ ಜಗ್ಗದವಳಿಗೆ ಈ ಕನಿಕರವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಬೇಡ ಬಾಯ್ಕೆ. ನಿನ್ನ ಕುದುರೆ ಹತ್ತಿ ನಾನು ಮೆರೆಯೋದು ಬೇಡ."

ಅಲ್ಲಿಂದಲೇ ಐಪೇರಿಗೆ ಫೋನು ಮಾಡಿದಳು. "ಗೆದ್ದ ಕ್ಷಣ ನನ್ನ ಹತ್ರ ಇಲ್ಲ ಕಣಮ್ಮ. ಮೆಲಿಸ್ ಹತ್ರ ಇದೆ. ಅವನ ಹೆಸರಲ್ಲೇ ತರಿಸ್ಕೋ."

ಐಪೇರಿ ಬೈಯಲಿಲ್ಲ. "ದಣಿದಿದ್ದೀರ ಎಜೆ, ಸ್ವಲ್ಪ ದಿನ ಹಗುರದ ಕೆಲಸ ಮಾಡಿ," ಎಂದು ಚದುರಂಗದ ಪಂದ್ಯಗಳಿಗೆ ಹಾಕಿದಳು. ಚಳಿಗಾಲವೆಲ್ಲ ಅಸಿಲ್ಕಾನ್ ಬೆಚ್ಚಗಿನ ಕೋಣೆಗಳಲ್ಲಿ, ಗಲ್ಲಕ್ಕೆ ಕೈಕೊಟ್ಟು ಕೂತವರ ಮುಂದೆ ನಿಂತು, ಆ ಬಳೆಯನ್ನು ಅತ್ತ ಇತ್ತ ತಿರುಗಿಸುತ್ತ ಕಳೆದಳು. ಮನೆಯಲ್ಲಿ ಕಿಟಕಿಯಿಂದ ಬೀದಿನಾಯಿಗಳನ್ನು ಹಿಂಬಾಲಿಸಿದಳು. ಕೈ ನಿಧಾನವಾಗಿ ಬಗ್ಗಿತು, ಮುದಿ ಎತ್ತು ಹೊಸ ನೊಗಕ್ಕೆ ಬಗ್ಗುವ ಹಾಗೆ. ಸಂತೋಷವೇನೂ ಆಗಲಿಲ್ಲ.

ವಸಂತದಲ್ಲಿ ಹಟ ಹಿಡಿದು ತಲಾಸಿನ ಪಂದ್ಯಕ್ಕೆ ಹೋದಳು. ಈ ಸಲ ಕೈ ತಪ್ಪಲಿಲ್ಲ. ಸಿಕ್ಕಿದ್ದು ಮಾತ್ರ ಸಾಧಾರಣ ಚಿತ್ರ, ಯಾರು ಬೇಕಾದರೂ ತೆಗೆಯಬಹುದಾದದ್ದು. ಮೆಲಿಸ್ ಅದನ್ನು ಇಣುಕಿ ನೋಡಿ, "ಪಾಸ್‌ಪೋರ್ಟ್ ಫೋಟೋ ಥರ ಇದೆ ಕಣೇ, ಕುದುರೆಗೆ ವೀಸಾ ಮಾಡಿಸ್ತೀಯಾ?" ಎಂದ. ಅಸಿಲ್ಕಾನ್ ಬಹಳ ದಿನಗಳ ನಂತರ ಮನಸಾರೆ ನಕ್ಕಳು.

ವಾಪಸು ಬರುವ ವ್ಯಾನಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಅವನು ಕಟ್ಟಿಸಿಕೊಂಡು ಬಂದಿದ್ದ, ಮಾಂಸ ತುಂಬಿದ ಸಂಸಾ ತಣ್ಣಗಾಗಿ ಕೊಬ್ಬು ಹೆಪ್ಪುಗಟ್ಟಿತ್ತು. ಅದನ್ನೇ ಮುರಿದು ಹಂಚಿಕೊಂಡು ತಿಂದರು. ಕಣಿವೆಯ ದಾರಿ ಹತ್ತುವಾಗ ಹೊರಗೆ ಇನ್ನೂ ಹಿಮವಿತ್ತು.

"ಇನ್ನೆಷ್ಟು ವರ್ಷ ಅಸಿಲ್?" ಎಂದು ಕೇಳಿದ.

"ಮಂಡಿನ ಕೇಳಿ ಹೇಳ್ತೀನಿ," ಎಂದಳು. ಅವನು ಮುಂದೇನೋ ಹೇಳುತ್ತಿದ್ದ. ಆದರೆ ಅವಳಿಗೆ ಅಷ್ಟರಲ್ಲೇ ಜೊಂಪು ಹತ್ತಿತ್ತು.