ಶುದ್ಧ ಕನ್ನಡದಲ್ಲಿ ಹೆಣ್ಣು ನೋಡುವ ಶಾಸ್ತ್ರ

ಸ್ನೇಹಿತರೇ, ಇವತ್ತು ಕುದೂರಿನ ನಮ್ಮ ಮನೆಗೆ ಅಣ್ಣನ ಮಗಳನ್ನು ನೋಡಲು ಧಾರವಾಡದವರು ಬಂದಿದ್ದರು. "ಅವ್ರದು ಒಳ್ಳೆ ಕನ್ನಡ ಕಣ್ರೋ, ಎಲ್ಲಾರೂ ಟಿವೀಲಿ ವಾರ್ತೆ ಓದೋರಂಗೆ ಮಾತಾಡ್ಬೇಕು" ಎಂದು ಅಣ್ಣನ ಕಟ್ಟಪ್ಪಣೆ. ಪರಿಣಾಮವಾಗಿ, "ದಯವಿಟ್ಟು ಉಪ್ಪಿಟ್ಟನ್ನು ಸ್ವೀಕರಿಸಿ" ಎಂದದ್ದೇ ಕೊನೆ, ಇಡೀ ಮನೆ ಮೌನವ್ರತ ಹಿಡಿಯಿತು.

ಹುಡುಗನ ತಾಯಿಯ ಮುಖ ಬಾಡಿತು. "ಯಾಕ್ರೀ, ನಿಮಗ ಈ ಸಂಬಂಧ ಮನಸ್ಸಿಗೆ ಬಂದಿಲ್ಲೇನ್ರೀ?"

ಅತ್ತಿಗೆಗೆ ತಡೆಯಲಾಗಲಿಲ್ಲ. "ಅಯ್ಯೋ, ಹಂಗಲ್ಲ ಕಣ್ರವ್ವಾ! ನಮ್ ಮಾತು ಕೇಳಿ ನೀವು ಎದ್ದೋಗ್ಬುಟ್ರೆ ಅಂತ ಬಾಯ್ ಮುಚ್ಕೊಂಡು ಕುಂತಿದ್ದೀವಿ!"

ಆಕೆ ಜೋರಾಗಿ ನಕ್ಕರು. "ನಮ್ಮ ಯಜಮಾನ್ರೂ ಹಾದಿ ತುಂಬಾ ‘ಶುದ್ಧ ಕನ್ನಡ ಮಾತಾಡ್ರಿ’ ಅಂತ ಹಿಂಗ ಹೆದರಿಸ್ಕೋತ ಬಂದಾರ್ರೀ!"

ಸದ್ಯ, ಸಂಬಂಧ ಕುದುರಿತು. ಈಗ ಎರಡೂ ಕಡೆಯವರು ಒಟ್ಟೊಟ್ಟಿಗೇ ಮಾತಾಡುತ್ತಿದ್ದಾರೆ. ಅಣ್ಣ ಮತ್ತು ಹುಡುಗನ ತಂದೆ ಮಾತ್ರ ಜಗುಲಿಯ ಮೇಲೆ ಶುದ್ಧ ಕನ್ನಡದಲ್ಲಿ ಸುಮ್ಮನೆ ಕೂತಿದ್ದಾರೆ.