ತಗಡಿನ ನಡುಕ

ಚಳಿಗಾಲದಲ್ಲಿ ಈ ಕೊಲ್ಲಿ ದೇಶದ ಅರಾದ್‌ನ ದಡದಲ್ಲಿ ಗಾಳಕ್ಕೆ ಸಿಗಡಿ ಚುಚ್ಚಿ ಕೂತರೆ ಏಡಿಗಳಿಗೆ ಅನ್ನದಾನ ಮಾಡಿದ ಪುಣ್ಯ ಬರುತ್ತದೆ, ಅಷ್ಟೇ. ನೀರು ತಣ್ಣಗಾದ ಮೇಲೆ ಹಮೂರ್, ಅಂದರೆ ನಮ್ಮೂರಿನ ಮುರು ಮೀನಿನ ಜಾತಿ, ಕಲ್ಲಿನ ಬುಡದಲ್ಲಿ ಸೋಮಾರಿಯಾಗಿ ಬಿದ್ದಿರುತ್ತದೆ. ಹತ್ತಿರ ಹೋಗಿ ಕೆಣಕಿದರೆ ಮಾತ್ರ ಬಾಯಿ ತೆರೆಯುತ್ತದೆ. ಅದಕ್ಕೇ ನಾನು ಲೋಹದ ತಗಡು ಹಾಕುವುದು. ಮೀನಿನ ಆಕಾರದ, ಬೆರಳುದ್ದದ ತೆಳು ತಗಡು. ಹೊಟ್ಟೆಗೆ ಸೀಸ, ಕೆಳಗೆ ಎರಡು ಗಾಳ, ಬೆನ್ನಿಗೆ ದಾರ. ತಳಕ್ಕೆ ಇಳಿಸಿ ಒಂದು ಗೇಣು ಮೇಲೆತ್ತಿದರೆ ಗಡಗಡ ನಡುಗುತ್ತದೆ. ಮತ್ತೆ ಇಳಿಯಲು ಬಿಡಬೇಕು, ಆದರೆ ದಾರ ಸಡಿಲಬಾರದು, ಏಕೆಂದರೆ ಮೀನು ಕಚ್ಚುವುದು ಇಳಿಯುವಾಗಲೇ. ಆ ನಡುಕ ದಾರ ಹಿಡಿದು ಹತ್ತಿ ಬಂದು ತೋರುಬೆರಳಿಗೆ ತಾಕುತ್ತದೆ. ಕಣ್ಣಿಗೆ ಇಲ್ಲಿ ಕೆಲಸವೇ ಇಲ್ಲ.

ಮಗಳು ಕಾಲೇಜಿಗೆಂದು ಮಂಗಳೂರಿಗೆ ಹೋದಳು, ಅವಳ ಹಿಂದೆಯೇ ಹೆಂಡತಿಯೂ ಹೋದಳು. ಫ್ಲ್ಯಾಟಿನಲ್ಲಿ ಉಳಿದವನು ನಾನು. ಜುಫೈರ್‌ನ ಒಂದು ಹೋಟೆಲಿನ ಲಾಂಡ್ರಿ ನೋಡಿಕೊಳ್ಳುತ್ತೇನೆ. ಅಲ್ಲಿ ದಿನವಿಡೀ ಮಾತು, ಎಲ್ಲ ಬೆಡ್‌ಶೀಟುಗಳದ್ದೇ. ಮನೆಗೆ ಬಂದು ಬಾಗಿಲು ಹಾಕಿದರೆ ಫ್ರಿಜ್ಜಿನ ಸದ್ದು ಮಾತ್ರ. ಒಂಟಿಯಾಗಿದ್ದೇನೆ ಎಂದು ಒಪ್ಪಿಕೊಳ್ಳಲು ಮೊದಲು ನಾಚಿಕೆಯಾಗುತ್ತಿತ್ತು, ಈಗ ಇಲ್ಲ. ಶುಕ್ರವಾರ ಬೆಳಿಗ್ಗೆ ಆ ತಗಡು ಬೆರಳಿನಲ್ಲಿ ನಡುಗಿದಾಗ ದಾರದ ಆ ತುದಿಯಲ್ಲಿ ಯಾರೋ ಇದ್ದಾರೆ ಅನಿಸುತ್ತಿತ್ತು. ವಾರಕ್ಕೆ ಅಷ್ಟು ಸಾಕಿತ್ತು.

ಈ ಚಳಿಗಾಲ ನಡುಕ ಬರಲಿಲ್ಲ. ನನಗೆ ಸಿಟ್ಟು ಬಂದದ್ದು ತಗಡಿನ ಮೇಲೆ. ಅದರ ಬೆನ್ನಿನ ತೂತುಗಳಲ್ಲಿ ದಾರವನ್ನು ಹಿಂದೆ ಮುಂದೆ ಮಾಡಿ ಕಟ್ಟಿದೆ, ಗಾಳ ಬದಲಿಸಿದೆ. ಮುಹರಕ್‌ನ ಅಂಗಡಿಯವನಿಗೆ ನಕಲಿ ಮಾಲು ಮಾರುತ್ತೀಯಾ ಎಂದು ಹಿಂದಿಯಲ್ಲಿ ಬೈದು ಹೊಸದು ತಂದೆ. ಅದೂ ಸತ್ತ ತಗಡು. ಉತ್ತರದಿಂದ ಬೀಸುವ ಶಮಾಲ್ ಗಾಳಿಗೆ ಬೆರಳು ಮರಗಟ್ಟಿರಬೇಕೆಂದು ಕೈ ಉಜ್ಜಿಕೊಂಡೆ. ನನ್ನ ಸಕ್ಕರೆ ಕಾಯಿಲೆ ನೋಡುವ ಡಾಕ್ಟರು, ಕಾಲಿನ ಹಾಗೆ ಕೈಬೆರಳ ಸ್ಪರ್ಶವೂ ಮೆಲ್ಲಗೆ ಹೋಗಬಹುದು ಎಂದಿದ್ದರು. ಆ ಮಾತನ್ನು ನಾನು ಕಿವಿಗೇ ಹಾಕಿಕೊಂಡಿರಲಿಲ್ಲ.

ನನ್ನ ಪಕ್ಕದಲ್ಲಿ ಗಾಳ ಹಾಕುವವರು ಉಳ್ಳಾಲದ ಬ್ಯಾರಿಯೊಬ್ಬರು, ಕೋಳಿ ಸಾಗಿಸುವ ವ್ಯಾನಿನ ಡ್ರೈವರ್. ಒಂದು ಶುಕ್ರವಾರ ಅವರ ಕೈಗೆ ನನ್ನ ಗಾಳದ ರಾಡ್ ಕೊಟ್ಟು, ಈ ದರಿದ್ರ ತಗಡನ್ನು ನೀವೇ ನೋಡಿ ಎಂದೆ. ಅವರು ಎತ್ತಿ ಇಳಿಸಿದರು. ಇನ್ನೊಮ್ಮೆ ಎತ್ತಿದರು. ಆಮೇಲೆ ನನ್ನ ಮುಖ ನೋಡಿದರು.

“ಒಳ್ಳೆ ನಡುಗ್ತದೆ ಮಾರಾಯ್ರೆ. ನಿಮ್ಗೆ ಗೊತ್ತಾಗುದಿಲ್ವಾ?”

ಗೊತ್ತಾಗುತ್ತದೆ, ಆಗ ಗಾಳಿ ಜೋರಿತ್ತು ಎಂದು ಸುಳ್ಳು ಹೇಳಿದೆ. ಅವರು ಹೆಚ್ಚು ಕೆದಕದೆ ತಮ್ಮ ಜಾಗಕ್ಕೆ ಹೋದರು. ನನಗೆ ಹೆದರಿಕೆಯಾಯಿತು. ಮೀನು ತಪ್ಪಿತಲ್ಲ ಎಂದಲ್ಲ, ಒಬ್ಬನೇ ಕೂತು ತಿನ್ನುವ ಮೀನಿಗೆ ಎಂಥ ರುಚಿ. ವಾರಕ್ಕೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದ ಒಂದೇ ಒಂದು ಸಂಗತಿಯೂ ಹೋಯಿತಲ್ಲ ಎಂದು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಮಗಳ ಪರೀಕ್ಷೆಯ ವಿಷಯ ಹೇಳಿದಳು, ಮೀನು ಸಿಕ್ಕಿತೇ ಎಂದು ಕೇಳಿದಳು. ಇಲ್ಲ ಎಂದೆ.

“ಸ್ವರ ಯಾಕೆ ಹಾಗುಂಟು ನಿಮ್ದು?”

ಚಳಿ ಎಂದೆ. ಮಫ್ಲರ್ ಕಟ್ಟಿಕೊಳ್ಳಿ ಎಂದು ಹೇಳಿ ಫೋನಿಟ್ಟಳು.

ಮತ್ತೆ ತಗಡನ್ನು ತಳಕ್ಕೆ ಇಳಿಸಿದೆ. ನಡುಬೆರಳಿಗೆ ದಾರ ತಾಗಿಸಿ ನೋಡಿದೆ, ಇಲ್ಲ. ಎಡಗೈಗೆ ತಾಗಿಸಿದೆ, ಅಲ್ಲೂ ಇಲ್ಲ. ಕೊನೆಗೆ ಯಾಕೆ ಹಾಗೆ ತೋಚಿತೋ, ಬಗ್ಗಿ, ರೀಲಿನ ಮುಂದಿನ ದಾರವನ್ನು ಕೆನ್ನೆಗೆ ಒತ್ತಿ ಹಿಡಿದು ಒಂದು ಗೇಣು ಎತ್ತಿದೆ.

ಬಂತು. ಅಷ್ಟು ಆಳದಿಂದ, ಗಡಗಡನೆ, ದವಡೆಯವರೆಗೂ ಬಂತು. ಹೆಂಡತಿ ಹೋದ ಮೇಲೆ ನನ್ನ ಕೆನ್ನೆಯನ್ನು ಯಾರೂ ಮುಟ್ಟಿರಲಿಲ್ಲ. ಅಳು ಬಂತು. ಬ್ಯಾರಿಯವರು ನೋಡಿಯೂ ನೋಡದ ಹಾಗೆ ಸಮುದ್ರದ ಕಡೆ ತಿರುಗಿದರು. ಇಳಿಸಿದೆ, ಎತ್ತಿದೆ, ಮತ್ತೆ ಇಳಿಸಿದೆ. ಈಗ ಯಾವ ಮೀನೂ ಕಚ್ಚಿ ಇದನ್ನು ನಿಲ್ಲಿಸದಿರಲಿ ಎಂದು ಬೇಡಿಕೊಂಡೆ.