ಸಭಾತ್ಯಾಗದ ದಿನ ಹಂಚಿದ ಲಡ್ಡು

ಕಳೆದ ವಾರ ನಮ್ಮ ಕೀಲ್ಪಾಕಿನ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಯಾರೋ ಪೋಸ್ಟರ್ ಅಂಟಿಸಿ ಹೋಗಿದ್ದರು. ಹಾಲು ತರಲು ಇಳಿದವಳ ಮೂಗಿಗೆ ಮೈದಾ ಅಂಟಿನ ಹಸಿ ವಾಸನೆ ಬಡಿಯಿತು. ಪೋಸ್ಟರಿನಲ್ಲಿ ಯಾರ ಮುಖವಿತ್ತೋ ನೋಡಲಿಲ್ಲ. ಎಣ್ಣೂರಿನ ಎದುರುಮನೆ ಮಾಮ ನೆನಪಾದರು...

ಅಪ್ಪ ರೈಲ್ವೆಯಲ್ಲಿದ್ದಾಗ ನಾವು ಎಣ್ಣೂರಿನಲ್ಲಿದ್ದೆವು. ತಮಿಳರೇ ತುಂಬಿದ್ದ ಇಡೀ ಬೀದಿಗೆ ಕನ್ನಡದ ಮನೆಗಳು ಎರಡೇ, ನಮ್ಮದು ಮತ್ತು ಮಾಮನದು. ಮಾಮ ಇನ್ಶೂರೆನ್ಸಿನಲ್ಲಿದ್ದು ನಿವೃತ್ತರಾದವರು. ಆಮೇಲೆ ಪಾರ್ಟಿಯ ಹುಚ್ಚು ಹತ್ತಿತು. ಆಗ ವಿರೋಧ ಪಕ್ಷದಲ್ಲಿದ್ದ ಪಾರ್ಟಿಗೆ ಅವರು ನಮ್ಮ ವಾರ್ಡಿನ ಕಾರ್ಯದರ್ಶಿ. ಪೋಸ್ಟರಿನ ಅಂಟನ್ನು ಮಾಮಿಯ ಒಲೆಯ ಮೇಲೆಯೇ ಕುದಿಸುತ್ತಿದ್ದರು, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ. "ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಪಾತ್ರೆ ಇನ್ನು ನಂಗೆ ಬೇಡ, ನಿಮ್ಮ ತಲೈವರ್ ಮನೆಗೇ ಕೊಟ್ಬಿಡಿ" ಎಂದು ಮಾಮಿ ರೇಗಿಸಿ ನಗುವರು. ಹಾಗೆ ನಗುವಾಗಲೇ ಕೆಮ್ಮು ಬಂದುಬಿಡುತ್ತಿತ್ತು.

ಮಾಮಿಗೆ ಉಬ್ಬಸ. ನಮ್ಮ ಬೀದಿಯಲ್ಲಿ ಹಗಲೆಲ್ಲ ವಿದ್ಯುತ್ ಸ್ಥಾವರದ ಬೂದಿ ಹೊತ್ತ ಲಾರಿಗಳು ಓಡುತ್ತಿದ್ದವು, ಮೇಲೆ ಹೊದಿಕೆಯೇ ಇಲ್ಲದೆ. ಒಗೆದು ಹಾಕಿದ ಬಟ್ಟೆ ಮಧ್ಯಾಹ್ನದ ಹೊತ್ತಿಗೆ ಮಾಸಿರುತ್ತಿತ್ತು. ಲಾರಿಗೆ ಟಾರ್ಪಾಲು ಹೊದಿಸಬೇಕು, ಊರ ಹೊರಗಿನ ರಸ್ತೆಯಲ್ಲಿ ಕಳಿಸಬೇಕು, ಮಾಮ ಕೇಳುತ್ತಿದ್ದದ್ದು ಇಷ್ಟೇ. ಯಾವ ಅಧಿಕಾರಿಗೆ ಹೇಳಿದರೂ ಆಗಲಿಲ್ಲ. ಕೊನೆಗೆ, ತಾವೇ ಬೀದಿ ಬೀದಿ ಸುತ್ತಿ ಗೆಲ್ಲಿಸಿದ್ದ ಶಾಸಕನನ್ನು ಹಿಡಿದರು. ವಿಧಾನಸಭೆಯಲ್ಲಿ ವಿದ್ಯುತ್ ಇಲಾಖೆಯ ವಿಷಯ ಬರುವ ದಿನ ಲಾರಿಗಳ ಬಗ್ಗೆ ಕೇಳಬೇಕೆಂದರು. "ಕಂಡಿಪ್ಪಾ ಕೇಕರೇನ್ ಮಾಮಾ" ಎಂದ ಶಾಸಕ. ಖಂಡಿತ ಕೇಳುತ್ತೇನೆ ಎಂಬ ಆ ಮಾತನ್ನು ಮಾಮ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಆ ಸಂಜೆ ನ್ಯೂಸ್ ನೋಡಲು ಬೀದಿಯವರನ್ನೆಲ್ಲ ಮನೆಗೆ ಕರೆದಿದ್ದರು. ಮಾಮಿ ತಲೆ ಬಾಚಿ, ಹಬ್ಬದ ಸೀರೆ ಉಟ್ಟು ಟಿವಿಯ ಮುಂದೆ ಕುಳಿತಿದ್ದರು. ನ್ಯೂಸ್ ಶುರುವಾಯಿತು. ಪಾರ್ಟಿಯ ಶಾಸಕರೆಲ್ಲ ಕೈ ಎತ್ತಿ ಕೂಗುತ್ತ ಸಭೆಯಿಂದ ಹೊರಗೆ ಬರುತ್ತಿದ್ದರು, ಪಂಚೆ ಮಡಚಿಕೊಂಡ ನಮ್ಮ ಶಾಸಕನೂ. ಆಳುವ ಪಕ್ಷದವರು ಮಾಮನ ಪಾರ್ಟಿಯ ನಾಯಕರ ಬಗ್ಗೆ ಏನೋ ಹಗುರವಾಗಿ ಮಾತಾಡಿದರೆಂದು ಸಭಾತ್ಯಾಗವಂತೆ. ಇಲಾಖೆಯ ವಿಷಯ ಚರ್ಚೆಯಿಲ್ಲದೆ ಮುಗಿದುಹೋಗಿತ್ತು.

"ನಮ್ ಲಾರಿ ವಿಷ್ಯ?" ಎಂದರು ಮಾಮಿ.

ಅಷ್ಟರಲ್ಲಿ ಬೀದಿಯಲ್ಲಿ ಪಟಾಕಿ. ನಮ್ಮ ಕಡೆ ಇದೊಂದು ರೂಢಿ, ಸಭಾತ್ಯಾಗ ಮಾಡಿದರೆ ಗೆದ್ದ ಹಾಗೆ. ಪ್ರತಿ ವಾರ್ಡಿನಲ್ಲೂ ಸಿಹಿ ಹಂಚಬೇಕೆಂದು ಜಿಲ್ಲಾ ಕಚೇರಿಯಿಂದ ಫೋನ್ ಬಂತು. ಲಡ್ಡು ಡಬ್ಬಗಳು ಮಾಮನ ಜಗಲಿಯ ಮೇಲೇ ಬಂದು ಕೂತವು. ಕಾರ್ಯದರ್ಶಿ ಅವರೇ ತಾನೇ? ಪಟಾಕಿಯ ಹೊಗೆ ಮನೆಯೊಳಗೆ ತುಂಬಿ ಮಾಮಿಗೆ ಉಸಿರು ಸಿಕ್ಕಿಕೊಂಡಿತು. ಅಮ್ಮ ಬೆನ್ನು ನೀವುತ್ತಿದ್ದರೆ, ಹೊರಗೆ ಪಾರ್ಟಿಯವರು ಮಾಮನ ಬಾಯಿಗೆ ಲಡ್ಡು ತುರುಕಲು ಬಂದರು. ಮಾಮ ಅವರ ಕೈ ತಳ್ಳಿಬಿಟ್ಟರು.

ಅಪ್ಪ ಸಮಾಧಾನ ಹೇಳಲು ಹೋದರು. ಬೆರಳೆಣಿಕೆಯ ಜನ ಒಳಗೆ ಕೂತು ಮಾಡುವುದಾದರೂ ಏನು, ಮೈಕ್ ಕಟ್ ಮಾಡುತ್ತಾರೆ, ಜಾಸ್ತಿ ಕೂಗಿದರೆ ಹೊತ್ತು ಹೊರಗೆ ಹಾಕುತ್ತಾರೆ, ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ, ಹೊರಗೆ ಬಂದರೆ ಪೇಪರಿನಲ್ಲಾದರೂ ಬರುತ್ತದೆ ಎಂದರು. ಅಪ್ಪನ ಮಾತೂ ಸುಳ್ಳಲ್ಲ.

"ಹೊತ್ತೇ ಹಾಕ್ಲಿ ಸ್ವಾಮಿ. ಇವರಾಗೇ ಎದ್ದು ಬಂದ್ರೆ ಅವರಿಗೆ ರೊಂಬ ಸುಲಭ ಆಗೋಯ್ತಲ್ಲ! ಇದಕ್ಕೆ ಜಗಳ ಅಂತಾರಾ?" ಎಂದರು ಮಾಮ.

ಮುಂದಿನ ಪಾರ್ಟಿ ಮೀಟಿಂಗಿನಲ್ಲಿ ಎದ್ದು ನಿಂತು ಇದನ್ನೇ ಹೇಳಿದರಂತೆ. ಎದುರಾಳಿಯ ಜೊತೆ ನಾವು ಬಡಿದಾಡುತ್ತಲೇ ಇಲ್ಲ, ಬಡಿದಾಡಿದ ಹಾಗೆ ಫೋಟೋ ತೆಗೆಸಿಕೊಳ್ಳುತ್ತಿದ್ದೇವೆ ಎಂದು. ವೇದಿಕೆಯ ಮೇಲಿದ್ದವರು ನಕ್ಕು, ವಯಸ್ಸಾಯಿತು ಕೂತುಕೊಳ್ಳಿ ಎಂದರು. ಮಾಮ ಕಾರ್ಯದರ್ಶಿ ಕೆಲಸವನ್ನು ಅಲ್ಲಿಯೇ ಬಿಸಾಕಿ ಮನೆಗೆ ಬಂದರು. ನಾನು ಆಗ ಮಾಮಿಗೆ ಗಂಜಿ ಕೊಡಲು ಹೋಗಿದ್ದೆ. ಚಪ್ಪಲಿ ಬಿಡುತ್ತಲೇ ನಡೆದದ್ದನ್ನೆಲ್ಲ ಜಂಬದಿಂದ ಹೇಳಿದರು. ಮಾಮಿ ಪೂರ್ತಿ ಕೇಳಿದರು.

"ನೀವೂ ಎದ್ದು ಬಂದ್ರಾ?"

ಮಾಮ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಅಲ್ಲಿಂದ ಮುಂದೆ ಮಾಮ ಒಂದು ಮೀಟಿಂಗನ್ನೂ ತಪ್ಪಿಸಲಿಲ್ಲ. ಹುದ್ದೆಯಿಲ್ಲ, ಕರೆಯುವವರಿಲ್ಲ. ಕೊನೆಯ ಸಾಲಿನಲ್ಲಿ ಕೂತು, ಎಲ್ಲರ ಭಾಷಣ ಮುಗಿದ ಮೇಲೆ ಎದ್ದು ಲಾರಿಗಳ ಬಗ್ಗೆ ಕೇಳುವರು. 'ಸಾಂಬಲ್ ಮಾಮ' ಎಂದು ಹೆಸರಿಟ್ಟರು, ಬೂದಿ ಮಾಮ ಎಂದು. ಅವರು ಏಳುತ್ತಿದ್ದ ಹಾಗೆ ಜನ ಕುರ್ಚಿ ಮಡಚತೊಡಗುತ್ತಿದ್ದರು. ಮಾಮನನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟೂ ಬರುತ್ತದೆ, ಪಾಪ ಎಂದೂ ಅನಿಸುತ್ತದೆ.

ಮಾಮಿ ಕೀಲ್ಪಾಕಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಬೂದಿಯಿಂದಲೇ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಹೇಳಿದ್ದರೆ ಮಾಮ ಏನು ಮಾಡುತ್ತಿದ್ದರೋ... ಶಾಸಕ ದೊಡ್ಡ ಹಾರ ಹಿಡಿದುಕೊಂಡು ಬಂದ. ಮಾಮ ಹಾರ ಇಸಿದುಕೊಂಡು ಪಕ್ಕಕ್ಕಿಟ್ಟು, ಹೆಣದ ಮುಂದೆಯೇ, ಮುಂದಿನ ಸಲವಾದರೂ ಒಳಗೆ ಕೂತಿರುತ್ತೀಯೇನಪ್ಪ ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ಮಾಮಿ ಹೋದ ಮೇಲೆ ಮಾಮನೂ ಹೆಚ್ಚು ಕಾಲ ಉಳಿಯಲಿಲ್ಲ.

ಈಗ ಮಾಮನ ಪಾರ್ಟಿಯೇ ಆಳುತ್ತಿದೆ. ನಿನ್ನೆ ನ್ಯೂಸಿನಲ್ಲಿ ವಿಧಾನಸಭೆ ತೋರಿಸಿದರು. ಈ ಸಲ ಎದ್ದು ಹೋದವರು ಇನ್ನೊಂದು ಕಡೆಯವರು. ಆ ಶಾಸಕ ಮುಂದಿನ ಸಾಲಿನಲ್ಲಿ ಕೂತಿದ್ದ, ತಲೆ ಪೂರ್ತಿ ನೆರೆತಿದೆ. ಎದುರಿನ ಬೆಂಚುಗಳು ಖಾಲಿ. ಅವನು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಹಿಂದಕ್ಕೊರಗಿ, ಪಕ್ಕದವರ ಜೊತೆ ಏನೋ ಹೇಳಿಕೊಂಡು ನಗುತ್ತಿದ್ದ. ನನಗೆ ಅಳು ಬಂತು. ಎಣ್ಣೂರಿನಲ್ಲಿ ಲಾರಿಗಳು ಈಗಲೂ ಹೊದಿಕೆಯಿಲ್ಲದೆ ಓಡುತ್ತವಂತೆ, ಮೀಟಿಂಗ್ ಮುಗಿದ ಮೇಲೆ ಎದ್ದು ಕೇಳುವವರು ಯಾರೂ ಇಲ್ಲ.